ತೋಟದ ಮನೆಗೆ ದುಡ್ಡು ಕೊಡುವ ನೆಂಟರು

ಶನಿವಾರ ಬಂತೆಂದರೆ ಮಧುರೆ ಹೋಬಳಿಯ ಕನಸವಾಡಿ ಕಡೆಗೆ ಜನವೋ ಜನ. ನೆಲಮಂಗಲದಿಂದ, ದೊಡ್ಡಬಳ್ಳಾಪುರದಿಂದ, ಬೆಂಗಳೂರಿನಿಂದ ಚಿಕ್ಕಮಧುರೆ ಶನಿಮಹಾತ್ಮನ ದರ್ಶನಕ್ಕೆಂದು ಬರುವವರು. ಶ್ರಾವಣದ ಶನಿವಾರಗಳಲ್ಲಂತೂ ಕಾಲಿಡಲು ಜಾಗವಿರದು. ಹಿಂದೆಲ್ಲ ದೂರದಿಂದ ಬಂದವರು ಕತ್ತಲಾದರೆ ಯಾರದೋ ಮನೆಯ ಜಗಲಿಯ ಮೇಲೆ ಮಲಗಿ, ಕೊಟ್ಟರೆ ಒಂದು ಮುದ್ದೆ ಉಂಡು, ಬೆಳಿಗ್ಗೆ ಎದ್ದು ಹೋಗುತ್ತಿದ್ದರು. ಜಗಲಿಗೆ ಬಾಡಿಗೆ ಕೇಳಿದವರೂ ಇಲ್ಲ, ಕೊಟ್ಟವರೂ ಇಲ್ಲ.

ಈಗ ಜಗಲಿಯ ಕಾಲ ಮುಗಿಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಅದೇ ವರ್ಷ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ, ಮನೆಯಲ್ಲಿ ಖಾಲಿ ಇರುವ ಕೋಣೆಯನ್ನು ಅಪರಿಚಿತರಿಗೆ ಒಂದೆರಡು ರಾತ್ರಿಗೆ ಬಾಡಿಗೆ ಕೊಡಿಸುವ ಏರ್‌ಬಿಎನ್‌ಬಿ ಎಂಬ ಕಂಪನಿ ಹುಟ್ಟಿತು. ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡು ಘಟನೆಗಳ ಫಲವನ್ನು ಇಂದು ಬೆಂಗಳೂರು ಗ್ರಾಮಾಂತರದ ತೋಟಗಳಲ್ಲಿ ಕಾಣಬಹುದು. ದ್ರಾಕ್ಷಿ ಚಪ್ಪರದ ಪಕ್ಕ, ಸೀಬೆ ತೋಟದ ನಡುವೆ ಒಂದು ಹೆಂಚಿನ ಮನೆ, ಗೋಡೆಗೆ ವರ್ಲಿ ಚಿತ್ರ, ಮುಂದೊಂದು ಉಯ್ಯಾಲೆ. ಶುಕ್ರವಾರ ಸಂಜೆ ಬೆಂಗಳೂರಿನ ಕಾರು ಬಂದು ನಿಲ್ಲುತ್ತದೆ; ಭಾನುವಾರ ಮಧ್ಯಾಹ್ನ ಹೊರಡುತ್ತದೆ.

ಈ ವ್ಯವಹಾರದಲ್ಲಿ ಒಂದು ವಿಶೇಷವಿದೆ. ಬೇರೆ ಕಸುಬುಗಳನ್ನು ಅಪ್ಪ ಮಗನಿಗೆ ಕಲಿಸುತ್ತಾನೆ. ಇದನ್ನು ಮಾತ್ರ ಮಗನೋ ಮಗಳೋ ಅಪ್ಪನಿಗೆ ಕಲಿಸುವುದು. ಪದವಿ ತರಗತಿಯಲ್ಲಿ ಓದುವ ಹುಡುಗಿ ತನ್ನ ಮೊಬೈಲಿನಲ್ಲೇ ತೋಟದ ಮನೆಯ ಫೋಟೊ ತೆಗೆದು, ನಾಲ್ಕು ಸಾಲು ಇಂಗ್ಲಿಷ್ ಬರೆದು, ‘ಒಪ್ಪಿದ್ದೇನೆ’ ಎಂಬ ಗುಂಡಿ ಒತ್ತುತ್ತಾಳೆ. ಒಪ್ಪಿದ್ದು ಯಾವುದಕ್ಕೆ ಎಂದು ಅಪ್ಪನಿಗೆ ಗೊತ್ತಿಲ್ಲ. ಪಹಣಿಯಲ್ಲಿ ಏನಿದೆ ಎಂದು ಮಗಳಿಗೆ ಗೊತ್ತಿಲ್ಲ. ಕಷ್ಟ ಶುರುವಾಗುವುದು ಇಲ್ಲಿಂದಲೇ.

ಪಹಣಿ ಯಾರ ಹೆಸರಲ್ಲಿದೆ?

ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಎರಡು ಎಕರೆ ಜಮೀನು. ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇದೆ, ಪೌತಿ ಖಾತೆ ಆಗಿಲ್ಲ. ಚಿಕ್ಕಪ್ಪಂದಿರಿಬ್ಬರು ಬೆಂಗಳೂರಿನಲ್ಲಿದ್ದಾರೆ. ಇಂಥ ಮನೆಗಳು ನಮ್ಮಲ್ಲಿ ಕಡಿಮೆಯೇ? ಇಷ್ಟು ದಿನ ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಆದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ಎಂದು ನೋಂದಾಯಿಸಲು ಹೊರಟ ದಿನ ಮೊದಲು ಕೇಳುವ ಕಾಗದವೇ ಮಾಲೀಕತ್ವದ್ದು. ಜತೆಗೆ ಗ್ರಾಮ ಪಂಚಾಯಿತಿಯ ನಿರಾಕ್ಷೇಪಣಾ ಪತ್ರ ಬೇಕು, ಪೊಲೀಸರ ಪರಿಶೀಲನೆ ಆಗಬೇಕು. ತಾತನ ಹೆಸರಿನ ಪಹಣಿ ಹಿಡಿದು ಹೋದರೆ ಮೊದಲ ಮೇಜಿನಲ್ಲೇ ವಾಪಸು.

ಎರಡನೆಯ ಪ್ರಶ್ನೆ ಜಮೀನಿನದು. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮು ರೈತ ತನ್ನ ಜಮೀನಿನಲ್ಲಿ ತೋಟದ ಮನೆ ಕಟ್ಟಿಕೊಳ್ಳಲು ಅವಕಾಶ ಕೊಡುತ್ತದೆ. ಅದು ಹಿಡುವಳಿಯ ಶೇಕಡಾ 10ನ್ನು ಮೀರಬಾರದು. ಮೇಲೆ ನಿಯಮಗಳು ಹಾಕಿದ ಮಿತಿಯೂ ಉಂಟು. ಎರಡು ಎಕರೆಗೆ ಎಂಟು ಗುಂಟೆ ಎಂದು ಲೆಕ್ಕ ಸಿಗುತ್ತದೆ. ಆದರೆ ಆ ಅವಕಾಶ ಬೇಸಾಯಕ್ಕೆ ಬೇಕಾದ ಮನೆಗೆ, ಉಯ್ಯಾಲೆ ಕಟ್ಟಿ ದಿನಬಾಡಿಗೆಗೆ ಕೊಡುವ ಕಾಟೇಜುಗಳ ಸಾಲಿಗಲ್ಲ. ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಜಿಲ್ಲಾಧಿಕಾರಿಯಿಂದ ಭೂಪರಿವರ್ತನೆಯ ಆದೇಶ ಬೇಕು. ಜನರ ಬಾಯಲ್ಲಿ ಇದು ‘ಡಿ.ಸಿ. ಕನ್ವರ್ಷನ್’.

‘ಎಲ್ಲರೂ ಹಾಗೇ ಮಾಡುತ್ತಿದ್ದಾರಲ್ಲ’ ಎನ್ನುವವರು ಹಂಪಿಯ ಎದುರು ದಡದ ವಿರುಪಾಪುರ ಗಡ್ಡೆಯನ್ನು ನೆನೆಯಬೇಕು. ತುಂಗಭದ್ರೆಯ ಆ ಗಡ್ಡೆಯಲ್ಲಿ ವರ್ಷಗಟ್ಟಲೆ ರೆಸಾರ್ಟು, ಅತಿಥಿಗೃಹಗಳು ನಡೆದವು. ದೇಶವಿದೇಶಗಳ ಪ್ರವಾಸಿಗರು ಬಂದು ತಿಂಗಳುಗಟ್ಟಲೆ ಉಳಿದರು. ಅದು ಸಂರಕ್ಷಿತ ಪ್ರದೇಶ. ಪ್ರಕರಣ ಹೈಕೋರ್ಟು ದಾಟಿ ದೆಹಲಿಗೆ ಹೋಯಿತು. 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟು ತೆರವಿನ ಆದೇಶವನ್ನು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ಮಧುರೆ ಹಂಪಿಯಲ್ಲ, ನಿಜ. ಆದರೆ ಬಹಳ ದಿನದಿಂದ ನಡೆಯುತ್ತಿದೆ ಎಂಬುದು ಪರವಾನಗಿಗೆ ಸಮವಲ್ಲ ಎಂಬ ಮಾತು ಎಲ್ಲ ಊರಿಗೂ ಒಂದೇ.

ಹೋಂಸ್ಟೇ ಎಂಬ ಪದವನ್ನೂ ಇಲ್ಲಿ ಸ್ವಲ್ಪ ಬಿಡಿಸಬೇಕು. ಕೊಡಗಿನಲ್ಲಿ ಕಾಫಿ ಬೆಲೆ ಬಿದ್ದ ಕಾಲದಲ್ಲಿ ಹಲವು ಎಸ್ಟೇಟ್ ಮನೆಗಳು ಅತಿಥಿಗಳಿಗೆ ಬಾಗಿಲು ತೆರೆದಾಗ ಅಲ್ಲಿ ಮನೆಯವರೂ ಇದ್ದರು, ಅಡುಗೆಯೂ ಅವರದೇ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯೂ ಮಾಲೀಕನ ಸಂಸಾರ ಅದೇ ಮನೆಯಲ್ಲಿ ವಾಸವಿರಬೇಕು ಎನ್ನುತ್ತದೆ. ಒಂದರಿಂದ ಆರು ಕೋಣೆ, ಹೆಚ್ಚೆಂದರೆ 12 ಹಾಸಿಗೆ. ಬೀಗದ ಕೈಯನ್ನು ಕಾವಲುಗಾರನಿಗೆ ಕೊಟ್ಟು ತಾವು ಮಲ್ಲೇಶ್ವರದಲ್ಲಿ ಕೂತವರ ಮನೆ ಆ ಅರ್ಥದಲ್ಲಿ ಹೋಂಸ್ಟೇ ಅಲ್ಲ, ಬೋರ್ಡಿನಲ್ಲಿ ಏನೇ ಬರೆದಿರಲಿ.

ಕೃಷಿ ಆದಾಯವೆಂಬ ಭ್ರಮೆ

ನಮ್ಮ ರೈತ ಕುಟುಂಬಗಳಲ್ಲಿ ಆಳವಾಗಿ ಬೇರೂರಿದ ಒಂದು ನಂಬಿಕೆಯಿದೆ: ತೋಟದಿಂದ ಬಂದ ದುಡ್ಡಿಗೆ ತೆರಿಗೆ ಇಲ್ಲ. ರಾಗಿಗೆ, ದ್ರಾಕ್ಷಿಗೆ, ಗುಲಾಬಿಗೆ ಈ ಮಾತು ಸರಿ. ತೋಟದಲ್ಲಿ ಮಲಗಿ ಎದ್ದುಹೋದ ಅತಿಥಿ ಕೊಟ್ಟ ದುಡ್ಡಿಗೆ ಸರಿಯಲ್ಲ. ಕೃಷಿ ಜಮೀನಿನ ಕಟ್ಟಡವನ್ನು ವಾಸಕ್ಕೆ ಬಾಡಿಗೆ ಕೊಟ್ಟೋ ವ್ಯಾಪಾರಕ್ಕೆ ಬಳಸಿಯೋ ಬರುವ ವರಮಾನ ಕೃಷಿ ಆದಾಯವಲ್ಲ ಎಂದು ಆದಾಯ ತೆರಿಗೆ ಕಾನೂನಿಗೆ 2000ದ ಹಣಕಾಸು ಕಾಯ್ದೆಯ ಮೂಲಕ ಸ್ಪಷ್ಟವಾದ ವಿವರಣೆ ಸೇರಿತು. ಅಂದರೆ ಈ ಭ್ರಮೆಗೆ ಕಾಲು ಶತಮಾನದಿಂದ ಆಧಾರವೇ ಇಲ್ಲ!

ಸಣ್ಣ ಲೆಕ್ಕ ಹಾಕೋಣ. ಎರಡು ಕೋಣೆ, ರಾತ್ರಿಗೆ 2,500 ರೂಪಾಯಿ. ವಾರಕ್ಕೆ ಎರಡು ರಾತ್ರಿಯಂತೆ ವರ್ಷದಲ್ಲಿ ಐವತ್ತು ವಾರ ತುಂಬಿದರೆ 5 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲವಲ್ಲ ಎನ್ನುತ್ತೀರಿ. ತೆರಿಗೆ ಬಾರದಿರಬಹುದು. ಆದರೆ ಆ ರಿಯಾಯಿತಿ ಬೇರೆ, ಮೂಲ ವಿನಾಯಿತಿ ಮಿತಿಯಾದ 4 ಲಕ್ಷ ಬೇರೆ. ಒಟ್ಟು ವರಮಾನ 4 ಲಕ್ಷ ದಾಟಿದರೆ ರಿಟರ್ನ್ ಸಲ್ಲಿಸಲೇಬೇಕು. ಆ ಗೆರೆ ದಾಟಿದವರಿಗೆ ಇನ್ನೊಂದು ತಿರುವೂ ಇದೆ: 5,000 ರೂಪಾಯಿ ಮೀರಿದ ಕೃಷಿ ಆದಾಯವನ್ನು ತೆರಿಗೆಯ ದರ ಗೊತ್ತುಮಾಡುವುದಕ್ಕಾಗಿ ಲೆಕ್ಕಕ್ಕೆ ಸೇರಿಸುತ್ತಾರೆ. ಬರೀ ಮನೆ ಬಾಡಿಗೆಯಾದರೆ ‘ಮನೆ ಆಸ್ತಿಯ ವರಮಾನ’ ಎಂದು ತೋರಿಸಿ ಶೇ 30ರ ಕಡಿತ ಪಡೆಯಬಹುದು. ಊಟ, ಹಾಸಿಗೆ, ಕಸಗುಡಿಸುವಿಕೆ ಎಲ್ಲ ಸೇರಿದ ಸೇವೆಯಾದರೆ ಅದು ವ್ಯಾಪಾರದ ಕಡೆಗೆ ವಾಲುತ್ತದೆ. ಈ ಒಂದು ಪ್ರಶ್ನೆಗೆ ಆಡಿಟರಿಗೆ ಕೊಡುವ ಫೀಜು ದಂಡವಲ್ಲ.

ಈಗ ಮಗಳ ವಿಷಯಕ್ಕೆ ಬರೋಣ. ಖಾತೆ ತೆರೆದವಳು ಅವಳು, ದುಡ್ಡು ಬೀಳುವುದು ಅವಳ ಬ್ಯಾಂಕಿಗೆ. ಹಾಗಾದರೆ ಆದಾಯ ಅವಳದೇ? ಅಲ್ಲ. ಆಸ್ತಿ ಅಪ್ಪನದಾಗಿದ್ದು ಬಾಡಿಗೆ ಮಾತ್ರ ಮಗಳ ಖಾತೆಗೆ ಹೋದರೆ, ಕಾನೂನಿನ ಕಣ್ಣಿಗೆ ಆದಾಯ ಅಪ್ಪನದೇ. ಆಸ್ತಿ ಬಿಟ್ಟುಕೊಡದೆ ವರಮಾನ ಮಾತ್ರ ಬೇರೆಯವರಿಗೆ ವರ್ಗಾಯಿಸುವುದು ಲೆಕ್ಕಕ್ಕೆ ಬಾರದು. ಮಗಳ ಪ್ಯಾನ್ ಸಂಖ್ಯೆಗೆ ಅಪ್ಪನ ಆದಾಯ ಅಂಟಿಕೊಂಡರೆ ಮುಂದೆ ಇಬ್ಬರೂ ಉತ್ತರ ಹೇಳಬೇಕಾಗುತ್ತದೆ. ಇನ್ನು ಹದಿನೆಂಟು ತುಂಬದ ಹುಡುಗರು ಮಾಡಿಕೊಂಡ ಕರಾರಿಗೆ ಕಾನೂನಿನ ಬೆಲೆಯೇ ಇಲ್ಲ. ಪಿಯುಸಿ ಹುಡುಗ ಅಣ್ಣನ ಆಧಾರ್ ಹಾಕಿ ಖಾತೆ ತೆರೆಯುವುದು ಜಾಣತನವಲ್ಲ, ಅಪಾಯ.

ವೇದಿಕೆ ನಡೆಸುವ ಕಂಪನಿಯೂ ಮೂಲದಲ್ಲೇ ತೆರಿಗೆ ಹಿಡಿಯುತ್ತದೆ. 2020ರ ಅಕ್ಟೋಬರಿನಲ್ಲಿ ಶೇ 1 ಎಂದು ಆರಂಭವಾದ ಈ ಕಡಿತ 2024ರ ಅಕ್ಟೋಬರಿನಿಂದ ಶೇ 0.1ಕ್ಕೆ ಇಳಿದಿದೆ. ವರ್ಷಕ್ಕೆ 5 ಲಕ್ಷ ಮೀರದ ವ್ಯಕ್ತಿಗಳಿಗೆ, ಪ್ಯಾನ್ ಅಥವಾ ಆಧಾರ್ ಕೊಟ್ಟಿದ್ದರೆ, ಅದೂ ಇಲ್ಲ. ಕೊಡದಿದ್ದರೆ ಶೇ 5. ನಮ್ಮ ಲೆಕ್ಕದ ಸಂಸಾರಕ್ಕೆ ಅದು 25,000 ರೂಪಾಯಿ. ಒಂದು ಸಂಖ್ಯೆ ಬರೆಯದ ಸೋಮಾರಿತನದ ಬೆಲೆ.

ಜಿಎಸ್‌ಟಿ ಯಾರು ಕಟ್ಟಬೇಕು?

ನಮ್ಮ ರಾಜ್ಯದಲ್ಲಿ ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ. ಈ 20 ಲಕ್ಷದಲ್ಲಿ ತೋಟದ ಮನೆಯದಷ್ಟೇ ಅಲ್ಲ, ಅದೇ ಪ್ಯಾನ್ ಸಂಖ್ಯೆಯಡಿ ದೊಡ್ಡಬಳ್ಳಾಪುರದ ಅಂಗಡಿ ಮಳಿಗೆಯಿಂದ ಬರುವ ಬಾಡಿಗೆಯೂ ಸೇರುತ್ತದೆ. ಅದಕ್ಕಿಂತ ಕೆಳಗಿರುವ ಸಣ್ಣವರು ವೇದಿಕೆಯ ಮೂಲಕ ಕೋಣೆ ಕೊಟ್ಟರೆ ತೆರಿಗೆ ಕಟ್ಟುವ ಹೊಣೆ ವೇದಿಕೆಯದು. ಫೋನಿನಲ್ಲಿ ನೇರವಾಗಿ ಬಂದ ಅತಿಥಿಗೆ ಇವರು ಜಿಎಸ್‌ಟಿ ಹಾಕುವಂತೆಯೇ ಇಲ್ಲ. ನೋಂದಣಿ ಇಲ್ಲದೆ ‘ಟ್ಯಾಕ್ಸು ಬೇರೆ’ ಎಂದು ವಸೂಲು ಮಾಡುವುದು ಅಪರಾಧ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ದರ ಶೇ 5, ಮೊದಲು 12 ಇತ್ತು. 2,500ರ ಕೋಣೆಗೆ 125 ರೂಪಾಯಿ ಆಯಿತು.

ಮಕ್ಕಳನ್ನು ಬೆಂಗಳೂರಿನ ಪಿ.ಜಿ.ಗಳಲ್ಲಿ ಬಿಟ್ಟಿರುವ ತಂದೆತಾಯಂದಿರಿಗೆ ಇದೇ ಕಾನೂನಿನ ಇನ್ನೊಂದು ಮಗ್ಗುಲು ಗೊತ್ತಿರಬೇಕು. ಒಂದೆರಡು ರಾತ್ರಿಯ ತಂಗುವಿಕೆ ಬೇರೆ, ಓದುವ ಮಕ್ಕಳ ವಾಸ ಬೇರೆ. ವಿದ್ಯಾರ್ಥಿಗಳು, ಉದ್ಯೋಗಸ್ಥ ಮಹಿಳೆಯರು ತಿಂಗಳುಗಟ್ಟಲೆ ಇರುವ ಬೆಂಗಳೂರಿನ ಹಾಸ್ಟೆಲೊಂದರ ಪ್ರಕರಣದಲ್ಲಿ, ಅದು ವಾಸದ ಮನೆಯೇ, ತೆರಿಗೆ ಇಲ್ಲ ಎಂದು ಕರ್ನಾಟಕ ಹೈಕೋರ್ಟು 2022ರ ಫೆಬ್ರುವರಿಯಲ್ಲಿ ಹೇಳಿತು. 2025ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು. ಅಷ್ಟರಲ್ಲಿ ಕೇಂದ್ರವೇ 2024ರ ಜುಲೈ 15ರಿಂದ, ತಲೆಗೆ ತಿಂಗಳಿಗೆ 20,000 ರೂಪಾಯಿ ಮೀರದ, ಸತತ 90 ದಿನಕ್ಕೆ ಕಡಿಮೆಯಿಲ್ಲದ ವಾಸಕ್ಕೆ ವಿನಾಯಿತಿ ಕೊಟ್ಟಿದೆ. ಪಿ.ಜಿ.ಯ ರಸೀದಿಯಲ್ಲಿ ಜಿಎಸ್‌ಟಿ ಎಂಬ ಸಾಲು ಕಂಡರೆ ಕೇಳಿ ನೋಡಿ.

ಇನ್ನೊಂದು ಲೆಕ್ಕವನ್ನು ಮನೆಯಾಕೆ ಮೊದಲೇ ಹಾಕಿರುತ್ತಾಳೆ. ಯಜಮಾನಿಯಾಗಲಿ, ಪತಿಯಾಗಲಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿ ಇಲ್ಲ ಎಂಬುದು ಯೋಜನೆಯ ಷರತ್ತು. ‘ಯಾರೋ ಹೇಳಿದರು’ ಎಂದು ಅಗತ್ಯವಿಲ್ಲದೆ ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡರೆ ಇದು ಕೈಬಿಡುತ್ತದೆ. ವಿದ್ಯಾರ್ಥಿವೇತನದ ಕಥೆಯೂ ಇದೇ. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ಕೇಂದ್ರ ವಿದ್ಯಾರ್ಥಿವೇತನಕ್ಕೆ ಕುಟುಂಬದ ಆದಾಯದ ಮಿತಿ 2.5 ಲಕ್ಷ. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಬರೆಸುವ ಅಂಕಿಯೂ ಬ್ಯಾಂಕಿಗೆ ಬಿದ್ದ ಅಂಕಿಯೂ ಬೇರೆಬೇರೆಯಾದರೆ ಪೇಚಿಗೆ ಸಿಲುಕುವುದು ಕಾಲೇಜಿನಲ್ಲಿರುವ ಮಗುವೇ.

ಇಪ್ಪತ್ತನಾಲ್ಕು ಗಂಟೆ

ತೆರಿಗೆಯಲ್ಲಿ ತಪ್ಪಿದರೆ ದಂಡದಲ್ಲಿ ಮುಗಿಯುತ್ತದೆ. ಅತಿಥಿಗಳ ವಿಷಯದಲ್ಲಿ ಹಾಗಲ್ಲ. 2025ರ ಮಾರ್ಚ್ 6ರ ರಾತ್ರಿ ಗಂಗಾವತಿ ತಾಲ್ಲೂಕಿನ ಸಾಣಾಪುರದ ಬಳಿ ಕಾಲುವೆ ದಡದಲ್ಲಿ ಕುಳಿತಿದ್ದ ಪ್ರವಾಸಿಗರ ಮೇಲೂ ಅವರನ್ನು ಕರೆದೊಯ್ದಿದ್ದ ಹೋಂಸ್ಟೇ ಮಹಿಳೆಯ ಮೇಲೂ ದಾಳಿಯಾಯಿತು. ನೀರಿಗೆ ತಳ್ಳಲ್ಪಟ್ಟ ಒಬ್ಬ ಪ್ರವಾಸಿ ಸತ್ತ. ಯಾರು ಬಂದಿದ್ದಾರೆ, ಎಲ್ಲಿ ಹೋಗಿದ್ದಾರೆ ಎಂಬುದರ ಲೆಕ್ಕ ಎಷ್ಟು ಮುಖ್ಯ ಎಂಬುದು ಇಂಥ ರಾತ್ರಿಗಳಲ್ಲಿ ಗೊತ್ತಾಗುತ್ತದೆ.

ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಸರ್ಕಾರಕ್ಕೆ ಆನ್‌ಲೈನ್ ವರದಿ ಸಲ್ಲಿಸಬೇಕು. ಬಹಳ ವರ್ಷ ‘ಸಿ ಫಾರಂ’ ಎಂದು ಕರೆಸಿಕೊಂಡ ಕೆಲಸವಿದು; 2025ರ ಸೆಪ್ಟೆಂಬರ್ 1ರಿಂದ 1946ರ ವಿದೇಶಿಯರ ಕಾಯ್ದೆ ಹೋಗಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ, ಹೊಣೆ ಹಾಗೆಯೇ ಉಳಿದಿದೆ. ವಿಮಾನ ನಿಲ್ದಾಣ ಇಷ್ಟು ಹತ್ತಿರವಿರುವ ಜಿಲ್ಲೆಯಲ್ಲಿ ಇದು ದೂರದ ಮಾತಲ್ಲ. ದುಡ್ಡು ತೆಗೆದುಕೊಳ್ಳದೆ ಮನೆಯಲ್ಲಿ ಉಳಿಸಿಕೊಂಡ ಮಗನ ವಿದೇಶಿ ಸಹಪಾಠಿಯ ವಿಷಯದಲ್ಲೂ ಠಾಣೆಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಊಟ ಬಡಿಸುವುದಾದರೆ ಆಹಾರ ಸುರಕ್ಷತೆಯ ನೋಂದಣಿ ಬೇಕು. ಅತಿಥಿಗಳ ಪಾರ್ಟಿಗೆ ಮದ್ಯ ಸರಬರಾಜು ಮಾಡಲು ಅಬಕಾರಿ ಇಲಾಖೆಯ ಪರವಾನಗಿ ಬೇಕು. ‘ಅವರೇ ತಂದುಕೊಂಡರು’ ಎಂಬ ಮಾತು ಎಲ್ಲ ಸಲವೂ ಕಾಪಾಡುವುದಿಲ್ಲ. ಗೇಟಿಗೆ ಕ್ಯಾಮೆರಾ ಹಾಕಿ, ಅತಿಥಿಗೆ ಹೇಳಿ. ಕೋಣೆಯೊಳಗೆ ಹಾಕಿದರೆ ಜೈಲು.

ಹೊರದೇಶಗಳಲ್ಲಿ ಹಿಡಿತ ಇನ್ನೂ ಬಿಗಿ. ನ್ಯೂಯಾರ್ಕ್ ನಗರದಲ್ಲಿ 2023ರ ಸೆಪ್ಟೆಂಬರಿನಿಂದ ಮೂವತ್ತು ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವ ಮನೆಯಲ್ಲಿ ಆತಿಥೇಯ ತಾನೂ ಇರಬೇಕು, ಅತಿಥಿಗಳು ಇಬ್ಬರನ್ನು ಮೀರಬಾರದು, ನಗರದಲ್ಲಿ ನೋಂದಣಿಯಾಗಿರಬೇಕು. ಅಲ್ಲಿ ಬಾಡಿಗೆ ಮನೆ ಸಿಗದ ಊರಿನವರ ಗೋಳು ಕಾರಣ. ನಮ್ಮಲ್ಲಿ ಆ ಗೋಳು ಮಧುರೆಯ ತನಕ ಬಂದಿಲ್ಲ. ಇಲ್ಲಿ ತೋಟ ಉಳಿದರೆ ಸಾಕೆಂಬುದು ನನ್ನ ಆಸೆ.

ಕೊನೆಗೊಂದು ತಂತಿಯ ವಿಷಯ. 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ ಉಚಿತ. ಪಂಪ್‌ಹೌಸಿನಿಂದ ತೋಟದ ಮನೆಗೆ ಒಂದು ವೈರು ಎಳೆದು, ಗೀಸರ್ ಹಾಕಿ, ಮರಗಳಿಗೆ ಬಣ್ಣದ ದೀಪ ಸುತ್ತುವುದು ಬಲು ಸುಲಭ. ವಿದ್ಯುಚ್ಛಕ್ತಿ ಕಾಯ್ದೆ, 2003ರ 126ನೇ ಕಲಮಿನ ಪ್ರಕಾರ ಇಂಥ ಅನಧಿಕೃತ ಬಳಕೆಗೆ ಅನ್ವಯಿಸುವ ದರದ ಎರಡರಷ್ಟು ಹಾಕಿ ಬಿಲ್ಲು ಕೊಡುತ್ತಾರೆ. ಮಗಳು ಮೊಬೈಲಿಗೆ ಏರಿಸಿದ ಫೋಟೊಗಳಲ್ಲಿ ರಾತ್ರಿಯ ಆ ಬಣ್ಣದ ದೀಪಗಳೇ ಎಲ್ಲಕ್ಕಿಂತ ಚೆಂದ ಕಾಣುತ್ತವೆ. ಬೆಸ್ಕಾಂನವರೂ ಮೊಬೈಲು ನೋಡುತ್ತಾರೆ.