ಅಂಗಳದ ಬೊಡ್ಡೆಗೆ ಎಷ್ಟು ಅಶ್ವಶಕ್ತಿ ಬೇಕು?

ಬೇಸಗೆಯ ಕೊನೆಯ ಬಿರುಗಾಳಿಗೆ ಮನೆಯ ಮುಂದಿನ ಮರವೊಂದು ಉರುಳಿತೆನ್ನಿ. ಕೊಂಬೆಗಳನ್ನು ಒಯ್ಯಲು ಸೌದೆಯವರು ಬರುತ್ತಾರೆ. ಕಾಂಡವನ್ನು ಒಯ್ಯಲು ಗಾಡಿಯವನು ಬರುತ್ತಾನೆ. ಬೊಡ್ಡೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದು ಅಂಗಳದ ನಡುವೆ ಹಾಗೆಯೇ ಉಳಿದು ಎಡವುವವರನ್ನು ಎಡವಿಸುತ್ತ, ಗೆದ್ದಲಿಗೆ ಮನೆಯಾಗುತ್ತ, ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತ ವರ್ಷಗಟ್ಟಲೆ ಕೂತಿರುತ್ತದೆ. ಇಲ್ಲಿನ ತೆಲುಗಿನಲ್ಲಿ ಅದಕ್ಕೆ ‘ಮೊದ್ದು’ ಎನ್ನುತ್ತಾರೆ. ಕನ್ನಡದಲ್ಲಿ ನಾವು ಮಂದಬುದ್ಧಿಯವನಿಗೆ ಹೇಳುವ ಮಾತು ಅದೇ. ಎರಡಕ್ಕೂ ಒಂದು ಹೋಲಿಕೆಯುಂಟು: ಕೂತಲ್ಲಿಂದ ಏಳಿಸುವುದು ಕಷ್ಟ!

ನಮ್ಮವರು ಈ ನಗರಕ್ಕೆ ನಿನ್ನೆ ಮೊನ್ನೆ ಬಂದವರಲ್ಲ. ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ಅಂದು ಬಂದು ನೆಲೆಸಿದ ಮನೆತನಗಳ ಅಂಗಳಗಳಲ್ಲಿ ಬೇವು, ಹುಣಸೆ, ಗುಲ್‌ಮೊಹರ್, ಊರಿನ ನೆನಪಿಗೆಂದು ನೆಟ್ಟ ತೆಂಗು ಎಲ್ಲವೂ ಬೆಳೆದು ಮುಪ್ಪಾಗಿವೆ. ಹಳೆಯ ಮರಗಳು ಬೀಳುತ್ತಿವೆ, ಬೊಡ್ಡೆಗಳು ಉಳಿಯುತ್ತಿವೆ. ಸುಲಭವಾಗಿ ಎತ್ತಿ ಒಯ್ಯಬಹುದಾದ ಸ್ಟಂಪ್ ಗ್ರೈಂಡರ್, ಅಂದರೆ ಬೊಡ್ಡೆ ಸವೆಸುವ ಯಂತ್ರವನ್ನು ಕೊಳ್ಳಬಹುದೆ, ಕೊಂಡರೆ ಎಷ್ಟು ದೊಡ್ಡ ಎಂಜಿನಿನದು ಬೇಕು ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ. ಆ ಪ್ರಶ್ನೆಯನ್ನು ಇಲ್ಲಿ ವಿಚಾರಿಸೋಣ.

ಮೊದಲಿಗೇ ಒಂದು ಮಾತು. ನಾವು ಹೇಳಹೊರಟಿರುವುದು ಬಿದ್ದ ಮರದ ಬೊಡ್ಡೆಯ ವಿಚಾರ. ನಿಂತ ಮರದ ವಿಚಾರ ಬೇರೆ. 2002ರ ಜಲ, ಭೂಮಿ ಮತ್ತು ವೃಕ್ಷ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ, ಅದು ನಮ್ಮ ಅಂಗಳದ್ದೇ ಆದರೂ. ನಿಂತ ಮರದ ಬೆಲೆ ಈ ಊರಿಗೆ ಚೆನ್ನಾಗಿ ಗೊತ್ತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಬಂದಾಗ ಅಫ್ಜಲ್‌ಗಂಜಿನ ಒಂದು ಹುಣಸೆಮರವನ್ನು ಏರಿ ನೂರೈವತ್ತರಷ್ಟು ಜನ ಜೀವ ಉಳಿಸಿಕೊಂಡರು. ಬಾಡಿಗೆ ಮನೆಯಲ್ಲಿರುವವರು ಬೊಡ್ಡೆಗೂ ಮನೆಯೊಡೆಯರ ಒಪ್ಪಿಗೆ ಕೇಳಿಕೊಳ್ಳುವುದು ಮರ್ಯಾದೆ.

ಅಗೆಯುವುದೋ, ಸವೆಸುವುದೋ?

ಬೊಡ್ಡೆಯನ್ನು ಅಗೆದು ತೆಗೆಸುವುದು ಹಳೆಯ ಪದ್ಧತಿ. ಹೈದರಾಬಾದಿನ ನೆಲವೋ ಬಂಡೆಯ ನೆಲ. ಒಂದೆರಡು ಅಡಿ ಕೆಳಗೆ ಮೊರಂ, ಅದರಡಿಗೆ ಗ್ರಾನೈಟ್. ಬೇರುಗಳು ಬಂಡೆಯ ಬಿರುಕುಗಳಲ್ಲಿ ಹೊಕ್ಕು ಹಿಡಿದಿರುತ್ತವೆ. ಎರಡು ಆಳು ಎರಡು ದಿನ ಅಗೆದರೂ ಬೆಟ್ಟ ಅಗೆದು ಇಲಿ ಹಿಡಿದಂತೆ. ಅಷ್ಟರಲ್ಲಿ ಕಾಂಪೌಂಡ್ ಗೋಡೆಯ ತಳಪಾಯ ಸಡಿಲವಾದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ತೂತು ಕೊರೆದು ಯೂರಿಯ, ಸಗಣಿ ತುಂಬಿ ಕೊಳೆಯಿಸುವುದೂ ಉಂಟು. ಅದಕ್ಕೆ ವರ್ಷಗಳ ತಾಳ್ಮೆ ಬೇಕು. ಬೆಂಕಿಯಿಡುವ ಯೋಚನೆಯನ್ನು ಮಾಡಲೇಬಾರದು. ಬೇರಿನೊಳಗೆ ಕಿಡಿ ದಿನಗಟ್ಟಲೆ ಹೊಗೆಯಾಡಿ ಎಲ್ಲೋ ಮೇಲೇಳಬಹುದು.

ಮೂರನೆಯ ದಾರಿ ಯಂತ್ರದ್ದು. 1948ರಲ್ಲಿ ಅಮೆರಿಕದ ಅಯೋವಾ ಪ್ರಾಂತದ ಪೆಲ್ಲಾ ಎಂಬ ಊರಿನಲ್ಲಿ ಆರಂಭವಾದ ವರ್ಮೀರ್ ಕಂಪನಿ 1950ರ ದಶಕದಲ್ಲಿ ಇಂಥ ಯಂತ್ರಗಳನ್ನು ಮಾರುಕಟ್ಟೆಗೆ ತಂದಿತು. ತತ್ತ್ವ ಸರಳ. ಉಕ್ಕಿನ ಚಕ್ರವೊಂದರ ಅಂಚಿಗೆ ಟಂಗ್‌ಸ್ಟನ್ ಕಾರ್ಬೈಡಿನ ಹಲ್ಲುಗಳನ್ನು ಜೋಡಿಸಿರುತ್ತಾರೆ. ಎಂಜಿನ್ ಚಕ್ರವನ್ನು ವೇಗವಾಗಿ ತಿರುಗಿಸುತ್ತದೆ. ನಾವು ಚಕ್ರವನ್ನು ಬೊಡ್ಡೆಯ ಮೇಲೆ ಎಡಕ್ಕೂ ಬಲಕ್ಕೂ ಆಡಿಸುತ್ತ ಹೋದರೆ ಮರ ಪದರ ಪದರವಾಗಿ ಚೂರಾಗುತ್ತದೆ. ನೆಲಮಟ್ಟದಿಂದ ಆರೆಂಟು ಅಂಗುಲ ಕೆಳಗಿನವರೆಗೆ ಸವೆಸಿ ಮಣ್ಣು ಮುಚ್ಚಿದರೆ ಮೇಲೆ ಹುಲ್ಲು ಬೆಳೆಯಬಹುದು. ಕೆಳಗಿನ ಬೇರು ತಾನಾಗಿ ಕೊಳೆಯುತ್ತದೆ. ಸುಬಾಬುಲ್, ಬೇವುಗಳಂಥ ಹಟಮಾರಿ ಮರಗಳು ಬುಡದಿಂದ ಮರಳಿ ಚಿಗುರುವುದೂ ಬಹುಮಟ್ಟಿಗೆ ನಿಲ್ಲುತ್ತದೆ.

ಘನ ಸೆಂಟಿಮೀಟರಿನ ಲೆಕ್ಕ

ಇನ್ನು ಎಂಜಿನ್. ಅಂಗಡಿಯವರು ಮೊದಲು ಹೇಳುವುದು ‘ಇಷ್ಟು ಸಿ.ಸಿ.’ ಎಂದು. ಸಿಲಿಂಡರಿನೊಳಗೆ ಪಿಸ್ಟನ್ ಗುಡಿಸಿ ಬರುವ ಜಾಗದ ಅಳತೆಯೇ ಸಿ.ಸಿ. ಅದೊಂದನ್ನೇ ನೋಡಿ ಕೊಳ್ಳುವುದು ಸರಿಯಲ್ಲ. ಎರಡು ಬಗೆಯ ಎಂಜಿನ್‌ಗಳಲ್ಲಿ ಒಂದೇ ಸಿ.ಸಿ. ಎರಡು ಅರ್ಥ ಕೊಡುತ್ತದೆ.

ಮರ ಕೊಯ್ಯುವ ಚೈನ್‌ಸಾದಲ್ಲಿರುವುದು ಎರಡು ಹೊಡೆತದ ಎಂಜಿನ್. ಸುಮಾರು 90 ಸಿ.ಸಿ.ಯ ದೊಡ್ಡ ಚೈನ್‌ಸಾ ಎಂಜಿನ್ ನಿಮಿಷಕ್ಕೆ ಒಂಬತ್ತು ಹತ್ತು ಸಾವಿರ ಸುತ್ತು ತಿರುಗಿ ಏಳು ಅಶ್ವಶಕ್ತಿಯಷ್ಟು ಕೊಡಬಲ್ಲದು. ತೂಕ ಏಳೆಂಟು ಕಿಲೋ. ತಳ್ಳುವ ಯಂತ್ರಗಳಲ್ಲಿರುವುದು ನಾಲ್ಕು ಹೊಡೆತದ ಎಂಜಿನ್. ಉದಾಹರಣೆಗೆ ಹೋಂಡಾ ಜಿಎಕ್ಸ್ 200 ಎಂಬುದು 196 ಸಿ.ಸಿ.; ನಿಮಿಷಕ್ಕೆ 3600 ಸುತ್ತಿನಲ್ಲಿ ಅದು ಕೊಡುವುದು ಐದೂವರೆ ಅಶ್ವಶಕ್ತಿ. ತೂಕ ಸುಮಾರು 16 ಕಿಲೋ. ಅಂದರೆ ಸಿ.ಸಿ. ಎರಡರಷ್ಟು, ಶಕ್ತಿ ಕಡಮೆ!

ಹಾಗಾದರೆ ಹಗುರವಾದುದೇ ಮೇಲೆಂದು ತೀರ್ಮಾನಿಸಬೇಡಿ. ಬೊಡ್ಡೆಗೆ ಬೇಕಾದುದು ವೇಗ ಮಾತ್ರವಲ್ಲ, ತಿರುಚುವ ಬಲವೂ ಬೇಕು. ಇಂಗ್ಲಿಷಿನವರು ಅದಕ್ಕೆ ಟಾರ್ಕ್ ಎನ್ನುತ್ತಾರೆ. ಆ 196 ಸಿ.ಸಿ. ಎಂಜಿನಿನ ತಿರುಚುವ ಬಲ ಹನ್ನೆರಡು ನ್ಯೂಟನ್ ಮೀಟರಿಗಿಂತ ತುಸು ಹೆಚ್ಚು. ಅದರ ಅಣ್ಣನಾದ 389 ಸಿ.ಸಿ. ಎಂಜಿನಿನದು ಇಪ್ಪತ್ತಾರೂವರೆ; ಅಶ್ವಶಕ್ತಿ ಹನ್ನೊಂದೂಮುಕ್ಕಾಲರಷ್ಟು. ಚೈನ್‌ಸಾ ಎಂಜಿನ್ ಐದಾರು ನ್ಯೂಟನ್ ಮೀಟರಿನಲ್ಲೇ ಇದ್ದು, ಗಾಲಿ ಬೆಲ್ಟುಗಳ ಮೂಲಕ ವೇಗ ತಗ್ಗಿಸಿ ಬಲ ಹೆಚ್ಚಿಸಿಕೊಳ್ಳಬೇಕು. ಗಟ್ಟಿ ಗಂಟಿಗೆ ಹಲ್ಲು ತಗಲಿದಾಗ ಅದು ಬೇಗ ಮುಗ್ಗರಿಸುತ್ತದೆ. ಬಲವಿಲ್ಲದ ಚಕ್ರ ಮರವನ್ನು ಕತ್ತರಿಸದೆ ಉಜ್ಜುತ್ತದೆ. ಹಲ್ಲು ಕಾಯುತ್ತದೆ, ಮೊಂಡಾಗುತ್ತದೆ.

ನಮ್ಮ ಊರಿನ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಮುದ್ರಮಟ್ಟದಿಂದ ಮುನ್ನೂರು ಮೀಟರ್ ಏರಿದರೆ ಇಂಥ ಎಂಜಿನಿನ ಶಕ್ತಿ ಶೇಕಡ ಮೂರೂವರೆಯಷ್ಟು ಇಳಿಯುತ್ತದೆ. ಹೈದರಾಬಾದು ಸುಮಾರು 540 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಶೇಕಡ ಆರರಷ್ಟು ಇಲ್ಲಿ ಕೈಬಿಡುತ್ತದೆ. ಹನ್ನೊಂದೂಮುಕ್ಕಾಲು ಅಶ್ವಶಕ್ತಿ ಎಂದು ಬರೆದದ್ದು ಇಲ್ಲಿ ಹನ್ನೊಂದೇ. ಮೇ ತಿಂಗಳ ಬಿಸಿಲು ಇನ್ನಷ್ಟು ತಗ್ಗಿಸುತ್ತದೆ. ಆದುದರಿಂದ ತೀರ ಅಂಚಿನ ಎಂಜಿನ್ ಬೇಡ, ತುಸು ಮಿಗುವಂತಿರಲಿ.

ಬೊಡ್ಡೆಯನ್ನು ಅಳೆಯಿರಿ

ಯಂತ್ರಕ್ಕೆ ಮುಂಚೆ ಬೊಡ್ಡೆಯನ್ನು ಅಳೆಯುವುದು ಜಾಣತನ. ನೆಲಮಟ್ಟದಲ್ಲಿ, ಬೇರು ಉಬ್ಬಿದ ಭಾಗವನ್ನೂ ಸೇರಿಸಿ ಅಳೆಯಿರಿ. ಅಡ್ಡಳತೆ ಎರಡರಷ್ಟಾದರೆ ಕೆಲಸ ಎರಡರಷ್ಟಲ್ಲ, ನಾಲ್ಕರಷ್ಟು. ಒಂದಡಿ ಅಗಲದ ಬೊಡ್ಡೆಯನ್ನು ಎಂಟಂಗುಲ ಆಳಕ್ಕೆ ಸವೆಸಿದರೆ ಸುಮಾರು 15 ಲೀಟರಿನಷ್ಟು ಮರ. ಎರಡಡಿಯದಾದರೆ 60 ಲೀಟರು. ಹೊಟ್ಟು ಉಬ್ಬಿ ಎರಡು ಮೂರು ಪಟ್ಟಾಗುವುದರಿಂದ ಚೀಲಗಳನ್ನೂ ಸಿದ್ಧವಾಗಿಟ್ಟುಕೊಳ್ಳಬೇಕು.

ಮರದ ಜಾತಿಯೂ ಮುಖ್ಯ. ನುಗ್ಗೆ ಬೆಣ್ಣೆಯಂತೆ. ಗುಲ್‌ಮೊಹರ್ ಮೆತುವೆಂದೇ ಹೇಳಬೇಕು. ಬೇವು ಗಟ್ಟಿ, ಹುಣಸೆಯಂತೂ ಕಬ್ಬಿಣದ ತಮ್ಮ. ತೆಂಗಿಗೆ ತಾಯಿಬೇರಿಲ್ಲ, ನಾರಿನ ದೊಡ್ಡ ಮುದ್ದೆ ಮಾತ್ರ. ಆ ನಾರು ಸಣ್ಣ ಯಂತ್ರದ ಚಕ್ರಕ್ಕೆ ಸುತ್ತಿಕೊಂಡು ಕಾಡುತ್ತದೆ. ತೆಂಗನ್ನು ಅಗೆದು ತೆಗೆಸುವುದೇ ವಾಸಿ. ಅಣಬೆ ರೋಗದಿಂದ ಸತ್ತ ತೆಂಗಾದರೆ ಬುಡವನ್ನು ಬೇರುಸಹಿತ ತೆಗೆಯಲೇಬೇಕು. ಬಿಟ್ಟರೆ ಪಕ್ಕದ ಮರಕ್ಕೂ ರೋಗ ಹಬ್ಬುತ್ತದೆ.

ಇಷ್ಟನ್ನು ನೋಡಿದ ಮೇಲೆ ನಮ್ಮ ಸಲಹೆ ಹೀಗೆ. ಒಂದಡಿಯೊಳಗಿನ ಮೆತು ಬೊಡ್ಡೆ, ಓಣಿ ಇಕ್ಕಟ್ಟು, ಮಹಡಿಯ ಹಿಂಬದಿಗೆ ಹೊತ್ತೊಯ್ಯಬೇಕು ಎಂಬಲ್ಲಿ 90 ಸಿ.ಸಿ.ಯ ಕೈಯಂತ್ರ ಸಾಕು. ಒಂದಡಿಯಿಂದ ಒಂದೂವರೆ ಅಡಿಯವರೆಗೆ ಗಾಲಿಯ ಮೇಲಿನ 200ರಿಂದ 270 ಸಿ.ಸಿ. ಇರಲಿ. ಎರಡಡಿಯ ಬೇವಿಗೆ 390 ಸಿ.ಸಿ.ಗಿಂತ ಕಡಮೆ ಬೇಡ. ಇದರ ತೂಕ ನೂರು ಕಿಲೋದ ಆಸುಪಾಸು. ಇಬ್ಬರು ತಳ್ಳಬಹುದು, ಒಬ್ಬರು ಎತ್ತಲಾಗದು. ಕೊಳ್ಳುವ ಮುನ್ನ ಗೇಟಿನ ಅಗಲವನ್ನು ಅಳೆದುಕೊಳ್ಳಿ. ಅದಕ್ಕಿಂತ ದೊಡ್ಡ ಹುಣಸೆ ಬೊಡ್ಡೆಗೆ ಹಗುರ ಯಂತ್ರದ ಆಸೆ ಬಿಟ್ಟು, ದೊಡ್ಡ ಯಂತ್ರದವರನ್ನು ಬಾಡಿಗೆಗೆ ಕರೆಯುವುದೇ ವಿವೇಕ.

ಕೊಳ್ಳುವುದೋ, ಬಾಡಿಗೆಯೋ? ಒಂದು ಮನೆಗೆ ಒಂದು ಬೊಡ್ಡೆ ಎಂದಾದರೆ ಕೊಳ್ಳುವುದು ದುಂದು. ಒಂದೇ ಬಡಾವಣೆಯ ಏಳೆಂಟು ಕುಟುಂಬಗಳು ಸೇರಿ ವರ್ಷಕ್ಕೆ ಹತ್ತಾರು ಬೊಡ್ಡೆಗಳಿದ್ದರೆ ಒಟ್ಟಾಗಿ ಕೊಳ್ಳುವುದನ್ನು ಯೋಚಿಸಬಹುದು. ಆಗ ಹಲ್ಲುಗಳ ಬೆಲೆ, ಅವು ಇಲ್ಲಿಯೇ ಸಿಗುತ್ತವೆಯೆ, ಬೆಲ್ಟು ಯಾವ ಅಳತೆಯದು ಎಂದು ಮೊದಲು ಕೇಳಿ. ಪೆಟ್ರೋಲಿನ ಖರ್ಚೂ ಇದೆ: 196 ಸಿ.ಸಿ. ಎಂಜಿನ್ ಪೂರ್ಣ ದುಡಿತದಲ್ಲಿ ಗಂಟೆಗೆ ಒಂದೂಮುಕ್ಕಾಲು ಲೀಟರ್, 389 ಸಿ.ಸಿ.ಯದು ಮೂರೂವರೆ ಲೀಟರಿನ ಹತ್ತಿರ ಕುಡಿಯುತ್ತದೆ. ಎರಡು ಹೊಡೆತದ ಎಂಜಿನಿಗೆ ಪ್ರತಿ ಲೀಟರಿಗೆ 20 ಮಿಲಿ ಲೀಟರ್ ಎಣ್ಣೆ ಬೆರೆಸುವುದು ವಾಡಿಕೆ. ಕೈಪಿಡಿಯ ಮಾತೇ ಕೊನೆಯ ಮಾತು. ಈಗ ಸಿಗುವ ಪೆಟ್ರೋಲಿನಲ್ಲಿ ಶೇಕಡ ಇಪ್ಪತ್ತರವರೆಗೆ ಎಥನಾಲ್ ಇರುತ್ತದೆ, ಅದು ತೇವವನ್ನು ಹೀರುತ್ತದೆ. ಯಂತ್ರಕ್ಕೆ ಅದು ಒಗ್ಗುವುದೆ ಎಂದು ವಿಚಾರಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ಟ್ಯಾಂಕು, ಕಾರ್ಬ್ಯುರೇಟರುಗಳನ್ನು ಖಾಲಿ ಮಾಡಿಡಿ.

ಕಾಲು ಉಳಿಯಬೇಕು

ಎಲ್ಲಕ್ಕಿಂತ ದೊಡ್ಡ ಮಾತು ಇದು. ತಿರುಗುವ ಚಕ್ರಕ್ಕೆ ಬೇರಿಗೂ ಕಾಲಿಗೂ ಭೇದ ತಿಳಿಯದು. ಹಗುರ ಯಂತ್ರವೆಂದರೆ ಹಗುರ ಅಪಾಯವೆಂದು ಯಾರೂ ಭಾವಿಸಬಾರದು. ಭಾರದ ಯಂತ್ರ ತನ್ನ ತೂಕದಿಂದಲೇ ನೆಲ ಹಿಡಿದು ನಿಂತಿರುತ್ತದೆ. ಹಗುರವಾದುದು ಕಲ್ಲು ತಗಲಿದರೆ ಎಗರುತ್ತದೆ, ಅದನ್ನು ತಡೆಯಬೇಕಾದುದು ನಮ್ಮ ತೋಳು. ಕಾರ್ಬೈಡ್ ಸವೆಯದ ವಸ್ತು, ಆದರೆ ಗಾಜಿನಂತೆ ಪೆಡಸು. ಗ್ರಾನೈಟಿನ ಒಂದು ಚೂರಿಗೆ ಹಲ್ಲು ಸಿಡಿಯಬಹುದು.

ಆದ್ದರಿಂದ ಮೊದಲು ಬೊಡ್ಡೆಯನ್ನು ನೆಲಮಟ್ಟಕ್ಕೆ ಕೊಯ್ಯಿಸಿ. ಸುತ್ತಲಿನ ಮಣ್ಣು ಕೆದಕಿ ಕಲ್ಲು, ಇಟ್ಟಿಗೆ, ಮೊಳೆಗಳನ್ನು ಆರಿಸಿ ತೆಗೆಯಿರಿ. ವಿದ್ಯುತ್ ಕೇಬಲ್, ನೀರಿನ ನಲ್ಲಿ, ಅನಿಲದ ಕೊಳವೆ ಎಲ್ಲಿ ಹಾದುಹೋಗಿವೆ ಎಂಬುದನ್ನು ಖಾತ್ರಿ ಮಾಡಿಕೊಳ್ಳದೆ ಚಕ್ರ ಇಳಿಸಬಾರದು. ಕಣ್ಣಿಗೆ ಕನ್ನಡಕ, ಮುಖಕ್ಕೆ ಪರದೆ, ಕಿವಿಗೆ ಮುಚ್ಚಳ, ಉಕ್ಕಿನ ಮೂತಿಯ ಬೂಟು ಇವು ಬೇಕೇ ಬೇಕು. ಸೆರಗು, ದುಪಟ್ಟ, ಪಂಚೆ ಸಲ್ಲವು. ಮಕ್ಕಳು, ನೆರೆಯವರು, ಸಾಕುಪ್ರಾಣಿಗಳು ಐವತ್ತಡಿ ದೂರದಲ್ಲಿರಲಿ. ಹತ್ತಿರದ ಅಂಚಿನಿಂದ ಆರಂಭಿಸಿ ಒಂದೊಂದೇ ಅಂಗುಲ ಇಳಿಸುತ್ತ ಹೋಗಿ. ಎಂಜಿನಿನ ದನಿ ಕುಗ್ಗಿತೆಂದರೆ ಒತ್ತಡ ಹೆಚ್ಚಾಯಿತೆಂದೇ ಅರ್ಥ. ಹಲ್ಲು ನೋಡಬೇಕಾದರೆ ಎಂಜಿನ್ ನಿಲ್ಲಿಸಿ, ಪ್ಲಗ್ಗಿನ ತಂತಿ ಕಳಚಿ, ಆಮೇಲೆ ಕೈ ಹಾಕಬೇಕು. ಈ ಯಂತ್ರದ ಸದ್ದು ನೂರು ಡೆಸಿಬೆಲ್ ದಾಟುವುದುಂಟು. ನೆರೆಮನೆಗೆ ಹಿಂದಿನ ದಿನವೇ ತಿಳಿಸಿ, ವೃದ್ಧರ ವಿಶ್ರಾಂತಿಯ ಹೊತ್ತನ್ನೂ ಮಕ್ಕಳ ಪರೀಕ್ಷೆಯ ದಿನಗಳನ್ನೂ ಬಿಟ್ಟು ಕೆಲಸಕ್ಕಿಳಿದರೆ ಸ್ನೇಹ ಉಳಿಯುತ್ತದೆ.

ಉಳಿದ ಹೊಟ್ಟನ್ನು ಎಸೆಯಬೇಡಿ. ಹಸಿಯಾಗಿಯೇ ಗಿಡದ ಮಣ್ಣಿಗೆ ಬೆರೆಸಿದರೆ ಅದು ಮಣ್ಣಿನ ಸಾರಜನಕವನ್ನು ಕಸಿದುಕೊಳ್ಳುತ್ತದೆ. ಸಗಣಿಯೊಡನೆ ಗುಂಡಿಯಲ್ಲಿ ಕೊಳೆಯಿಸಿದರೆ ಒಳ್ಳೆಯ ಗೊಬ್ಬರ. ರೋಗದ ಮರದ್ದಾದರೆ ಮಾತ್ರ ತೋಟಕ್ಕೆ ಸೇರಿಸಬಾರದು. ಆ ಜಾಗದಲ್ಲಿ ಹಾಸುಗಲ್ಲು ಹಾಕಿಸುವವರು ಹೊಟ್ಟನ್ನೆಲ್ಲ ತೆಗೆದು ಮಣ್ಣು ತುಂಬಿ ಗುದ್ದಿಸಬೇಕು, ಇಲ್ಲವಾದರೆ ನೆಲ ಕುಸಿಯುತ್ತದೆ. ಹಾಸುಗಲ್ಲು ಬೇಡವೆನ್ನುವವರು ನಾಲ್ಕಡಿ ಪಕ್ಕಕ್ಕೆ ಸರಿದು, ಮುಂದಿನ ಮಳೆಗಾಲಕ್ಕೆ ಒಂದು ಸಸಿಯನ್ನು ನೆಡಲಿ. ಅದಕ್ಕೆ ಯಾವ ಎಂಜಿನ್ನೂ ಬೇಕಾಗಿಲ್ಲ.