ಹೊನ್ನಾವರದ ಪುನುಗು: ಇದೆಯೋ, ಇಲ್ಲವೋ, ಇತ್ತೋ?

ಭಾರತದ ಸಸ್ತನಿಗಳ ಬಗ್ಗೆ ಟಿ.ಸಿ. ಜೆರ್ಡನ್ 1867ರಲ್ಲಿ ಪ್ರಕಟಿಸಿದ ಪುಸ್ತಕದ ಹಳೆಯ ಪ್ರತಿಯೊಂದು ಮೊನ್ನೆ ಗ್ರಂಥಾಲಯದಲ್ಲಿ ಕೈಗೆ ಸಿಕ್ಕಿತು. ಮುಟ್ಟಿದರೆ ಅಂಚು ಉದುರುವ ಹಾಳೆಗಳು. ಪುನುಗು ಬೆಕ್ಕಿನ ಪುಟದಲ್ಲಿ ‘ಹೊನೋರ್’ ಎಂಬ ಊರು ಕಂಡು ಬೆರಳು ಅಲ್ಲೇ ನಿಂತಿತು. ನಮ್ಮ ಹೊನ್ನಾವರ! ಅಲ್ಲಿಂದ ಕನ್ಯಾಕುಮಾರಿವರೆಗೂ ಮಲಬಾರ್ ಪುನುಗು ಇದೆ, ತಿರುವಾಂಕೂರಿನಲ್ಲಂತೂ ಹೇರಳ ಎಂದು ಪುಣ್ಯಾತ್ಮ ನಿಶ್ಚಿಂತೆಯಿಂದ ಬರೆದಿದ್ದಾನೆ.

ಇದು ನಮ್ಮ ಹಿತ್ತಲಿಗೆ ಬರುವ ಸಣ್ಣ ಪುನುಗಲ್ಲ. ದೊಡ್ಡ ಮಚ್ಚೆ, ಬೆನ್ನುದ್ದಕ್ಕೂ ಕಪ್ಪು ಕೂದಲಿನ ಜುಟ್ಟು. ಪ್ರಾಣಿಶಾಸ್ತ್ರಜ್ಞ ಬ್ಲೈತ್ 1862ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ. 1987ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಎಲಯೂರಿನಲ್ಲಿ ಇದರ ಚರ್ಮ ಸಿಕ್ಕಿತು. ಆಮೇಲೆ ಕಾಡಿನಲ್ಲಿ ಎಷ್ಟು ಕ್ಯಾಮೆರಾ ಕಟ್ಟಿದರೂ ಜೀವಂತ ಪ್ರಾಣಿಯ ಒಂದು ಚಿತ್ರವೂ ಬಿದ್ದಿಲ್ಲ.

ಯಾವ ಜೀವಿ ಅಳಿವಿಗೆ ಎಷ್ಟು ಹತ್ತಿರ ಎಂದು ತೂಗುವ, ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿ ಶುರುವಾಗಿದ್ದು 1964ರಲ್ಲಿ. ತಜ್ಞರ ಅಂದಾಜಿನ ಮೇಲೆ ನಡೆಯುತ್ತಿದ್ದ ಈ ಕೆಲಸಕ್ಕೆ ವಿಜ್ಞಾನಿಗಳಾದ ಜಾರ್ಜಿನಾ ಮೇಸ್ ಮತ್ತು ರಸೆಲ್ ಲ್ಯಾಂಡ್ 1991ರಲ್ಲಿ ಅಂಕಿಯ ಅಳತೆಗೋಲು ಸೂಚಿಸಿದರು; 1994ರಿಂದ ಅಂಥ ಮಾನದಂಡವೇ ಜಾರಿಗೆ ಬಂತು. ಸಂಖ್ಯೆ ಎಷ್ಟು ಬೇಗ ಕುಸಿಯಿತು, ನೆಲೆ ಎಷ್ಟು ಚದರ ಕಿಲೋಮೀಟರ್, ಮರಿ ಹಾಕುವ ವಯಸ್ಸಿನವು ಎಷ್ಟು ಉಳಿದಿವೆ ಎಂಬ ಲೆಕ್ಕ ಇದು. ಪ್ರೌಢ ಜೀವಿಗಳು 250ಕ್ಕಿಂತ ಕಡಿಮೆಯಿದ್ದು, ಇನ್ನೂ ಇಳಿಯುತ್ತಿದ್ದರೆ ಕೆಲವು ಷರತ್ತುಗಳೊಂದಿಗೆ ‘ತೀವ್ರ ಅಪಾಯ’ದ ದರ್ಜೆ. ಮಲಬಾರ್ ಪುನುಗು ಕೂತಿರುವುದು ಈ ಖಾನೆಯಲ್ಲೇ. ಯಾರೂ ಕಾಣದ ಪ್ರಾಣಿಗೆ 250ರ ಲೆಕ್ಕ! ನನಗಂತೂ ನಗು ತಡೆಯಲಾಗಲಿಲ್ಲ.

ಹಾಗಂತ ‘ಅಳಿದಿದೆ’ ಎಂದು ಬರೆಯುವುದೂ ಸುಲಭವಲ್ಲ. ಹಿಂದೆ ಇದ್ದ ನೆಲೆಯಲ್ಲೆಲ್ಲ, ತಕ್ಕ ಹೊತ್ತು, ತಕ್ಕ ಋತುವಿನಲ್ಲಿ ಜಾಲಾಡಿ, ಕೊನೆಯದೂ ಸತ್ತಿದೆ ಎಂಬುದರಲ್ಲಿ ಅನುಮಾನ ಉಳಿಯಬಾರದು. ಈ ಎಚ್ಚರಿಕೆಗೆ ಕಾರಣವಿದೆ, ಅದೂ ಜೆರ್ಡನ್ ಹೆಸರಿನಲ್ಲೇ. ಅವನ ಹೆಸರು ಹೊತ್ತ, ತೆಲುಗಿನಲ್ಲಿ ಕಲಿವಿ ಕೋಡಿ ಎನ್ನುವ ಹಕ್ಕಿ 1900ರ ನಂತರ ಕಾಣದೆ, ಮುಗಿಯಿತು ಎಂದುಕೊಂಡಿದ್ದವರ ಮುಂದೆ 1986ರಲ್ಲಿ ಕಡಪ ಜಿಲ್ಲೆಯ ಕುರುಚಲು ಕಾಡಿನಲ್ಲಿ ಪ್ರತ್ಯಕ್ಷವಾಯಿತು.

ಪುನುಗಿನ ಕಥೆಗೆ ಇನ್ನೊಂದು ತಿರುವಿದೆ. ಆರ್. ನಂದಿನಿ ಮತ್ತು ದಿವ್ಯಾ ಮುಡಪ್ಪ 2010ರಲ್ಲಿ ಹಳೆಯ ದಾಖಲೆಗಳನ್ನೆಲ್ಲ ಕೆದಕಿ, ಇಂಥ ಪ್ರಾಣಿ ಇಲ್ಲಿ ಇತ್ತೇ ಎಂದೇ ಕೇಳಿದರು. ಆ ದಾಖಲೆಗಳ ಕಾಲದಲ್ಲಿ ವ್ಯಾಪಾರಿಗಳು ಸುಗಂಧಕ್ಕಾಗಿ ಪುನುಗುಗಳನ್ನು ಪಂಜರದಲ್ಲಿಟ್ಟು ಸಾಕುತ್ತಿದ್ದರು. ಆಗ್ನೇಯ ಏಷ್ಯಾದ ದೊಡ್ಡ ಮಚ್ಚೆಯ ಪುನುಗೇ ಹಡಗು ಹತ್ತಿ ಬಂದು ತಪ್ಪಿಸಿಕೊಂಡಿರಬಹುದಲ್ಲ? ಎರಡರ ಚರ್ಮವೂ ಹತ್ತಿರಹತ್ತಿರ ಒಂದೇ ಥರ. ಹೊನ್ನಾವರದ ಮೇಲಿನ ಮೋಹದಿಂದ ನಾನು ಇದನ್ನು ಒಪ್ಪಲು ಹಿಂದೇಟು ಹಾಕುತ್ತೇನೆ, ಆದರೆ ವಾದ ಗಟ್ಟಿಯಾಗಿದೆ. ಅದೇ ನಿಜವಾದರೆ ಮಲಬಾರ್ ಪುನುಗು ‘ಅಳಿದವು’ಗಳ ಸಾಲಿಗೂ ಸೇರುವುದಿಲ್ಲ, ಹೆಸರೇ ಪಟ್ಟಿಯಿಂದ ಕಿತ್ತುಹೋಗುತ್ತದೆ.