ಬೆಟ್ಟದ ಮೇಲೆ ಎಲ್ಲಿದ್ದೀರಿ, ಸ್ವಾಮಿ?

ಕಳಲೆ: ನಂಜನಗೂಡಿನಿಂದ ಮೈಸೂರಿಗೆ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಚಾಮುಂಡಿ ಬೆಟ್ಟ ಹೊಸದೇನಲ್ಲ. ಕಪಿಲಾ ಹೊಳೆ ದಾಟುವಾಗ ಪಕ್ಕದಲ್ಲಿ ದಳವಾಯಿಗಳ ಕಾಲದ ಹಳೇ ಸೇತುವೆ ಕಾಣುತ್ತದೆ. ಕಡಕೊಳ ಕಳೆದ ಮೇಲೆ ಬಲಗಡೆ ಕಿಟಕಿಯಲ್ಲಿ ಬೆಟ್ಟ ಏಳುತ್ತದೆ. ಬಂಡೀಪಾಳ್ಯದ ಮಾರುಕಟ್ಟೆ ಹತ್ತಿರ ಬರುವ ಹೊತ್ತಿಗೆ ಬೆಟ್ಟ ನೆತ್ತಿಯ ಮೇಲೇ ಬಂದಂತೆ ಇರುತ್ತದೆ. ಕಿಟಕಿ ಪಕ್ಕ ಕೂತವರು ಕೈಮುಗಿದು ಕೆನ್ನೆ ತಟ್ಟಿಕೊಳ್ಳುತ್ತಾರೆ. ಅಲ್ಲಿಗೆ ಮುಗಿಯಿತು. ನಡೆದು ಹತ್ತಿ ಎಷ್ಟು ವರ್ಷವಾಯ್ತು ಅಂತ ಕೇಳಿದರೆ ಬಹಳ ಮಂದಿ ಬೆರಳು ಮಡಿಸತೊಡಗುತ್ತಾರೆ.

ಈ ವರದಿಗಾರನೂ ಅದೇ ಪೈಕಿ. ಹೋದ ತಿಂಗಳ ಒಂದು ಭಾನುವಾರ ನಮ್ಮೂರಿನ ದಿನಸಿ ಅಂಗಡಿ ಯಜಮಾನರು ಹೊರಡಿಸದೇ ಇದ್ದಿದ್ದರೆ ಇನ್ನೂ ಅದೇ ಪೈಕಿಯೇ ಆಗಿರುತ್ತಿದ್ದ. ಯಜಮಾನರಿಗೆ ಅರವತ್ತು ದಾಟಿದೆ. ಸಕ್ಕರೆ ಕಾಯಿಲೆ ಬೇರೆ. ಮೊಮ್ಮಗನಿಗೆ ಜ್ವರ ಬಿಡದೆ ಇದ್ದಾಗ ಹರಕೆ ಹೊತ್ತಿದ್ದರಂತೆ. ಹರಕೆಗೂ ಒಂದು ಕ್ರಮವಿತ್ತು.

"ಹತ್ತೋದು ಮೆಟ್ಲು, ಇಳಿಯೋದು ಉತ್ತನಹಳ್ಳಿ ಕಡೆ. ಅಕ್ಕನ್ನ ನೋಡಿ ತಂಗೀನ ನೋಡ್ದೆ ಬರಬಾರದು ಕಣಪ್ಪ" ಅಂದರು.

ಅಕ್ಕ ಎಂದರೆ ಬೆಟ್ಟದ ಚಾಮುಂಡಿ. ತಂಗಿ ಎಂದರೆ ಉತ್ತನಹಳ್ಳಿಯ ಜ್ವಾಲಾಮುಖಿ ತ್ರಿಪುರಸುಂದರಿ. ನಮ್ಮ ಸೀಮೆಯ ಕಥೆಯ ಪ್ರಕಾರ ನಮ್ಮ ನಂಜುಂಡನಿಗೂ ಬೆಟ್ಟದ ಚಾಮುಂಡಿಗೂ ಒಲವು. ಹಾಗಾಗಿ ನಂಜನಗೂಡು ಕಡೆಯವರಿಗೆ ಈ ಬೆಟ್ಟ ಒಂದು ಲೆಕ್ಕಕ್ಕೆ ನೆಂಟರ ಮನೆ.

ದಾರಿಯೂ ನಮಗೆ ಅನುಕೂಲವೇ. ಮೈಸೂರು ಕಡೆಯ ಪಾದದಿಂದ ಹತ್ತಿ, ಹಿಂಭಾಗದ ಡಾಂಬರು ರಸ್ತೆಯಲ್ಲಿ ಉತ್ತನಹಳ್ಳಿಗೆ ಇಳಿದು, ನಂಜನಗೂಡು ರಸ್ತೆ ಸೇರಿದರೆ ಅಲ್ಲೇ ನಮ್ಮ ಬಸ್ಸು. ಹೋದ ದಾರಿಯಲ್ಲಿ ಮತ್ತೆ ಹೆಜ್ಜೆ ಇಡಬೇಕಿಲ್ಲ. ಬೆಟ್ಟಕ್ಕೆ ಒಂದು ಸುತ್ತು ಹಾಕಿದ ಹಾಗೆ.

ಅಂಕಿ ಬರೆದ ದಾರಿ

ಬೆಳಗಿನ ಆರು ಗಂಟೆಗೆ ಪಾದದಲ್ಲಿ ಜನ ಸೇರಿದ್ದರು. ಒಬ್ಬ ತಾಯಿ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹೋಗುತ್ತಿದ್ದರು. ಪಕ್ಕದಲ್ಲೇ ಹುಡುಗರು ಬೂಟು ಹಾಕಿಕೊಂಡು ಓಡುತ್ತಿದ್ದರು. ತೂಕ ಇಳಿಸುವವರು, ಹರಕೆ ತೀರಿಸುವವರು, ಎಲ್ಲರಿಗೂ ಅದೇ ಕಲ್ಲು.

ಈ ಮೆಟ್ಟಿಲುಗಳನ್ನು ಕಟ್ಟಿಸಿದವರು 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರು ಎನ್ನುತ್ತಾರೆ. ಸಾವಿರ ಮೆಟ್ಟಿಲು ಎಂಬುದು ವಾಡಿಕೆಯ ಮಾತು. ಎಣಿಸಿದವರು ಒಬ್ಬೊಬ್ಬರು ಒಂದೊಂದು ಲೆಕ್ಕ ಕೊಡುತ್ತಾರೆ. ಊರಿನ ಮಟ್ಟದಿಂದ ಬೆಟ್ಟದ ತಲೆಗೆ ಹೆಚ್ಚು ಕಡಿಮೆ ಸಾವಿರ ಅಡಿ ಏರು. ಏಳುನೂರನೇ ಮೆಟ್ಟಿಲ ಆಸುಪಾಸಿನಲ್ಲಿ ಅದೇ ಒಡೆಯರ ಕಾಲದ ನಂದಿ. ಸುಮಾರು 15 ಅಡಿ ಎತ್ತರ, 24 ಅಡಿ ಉದ್ದ, ಎಲ್ಲಾ ಒಂದೇ ಕಲ್ಲು. ಮೇಲಿನ ಗೋಪುರ 1827ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು.

ಮೆಟ್ಟಿಲ ಮೇಲೆ ಅಲ್ಲಲ್ಲಿ ಬಣ್ಣದಲ್ಲಿ ಅಂಕಿ ಬರೆದಿದ್ದಾರೆ. ದೊಡ್ಡ ಸಂಗತಿಯೇನಲ್ಲ ಅನ್ನಿಸುತ್ತದೆ. ಆದರೆ ಏದುಸಿರು ಬಿಡುವವನಿಗೆ ಆ ಅಂಕಿಯೇ ಜೊತೆಗಾರ. ನಾನೂರರ ಹತ್ತಿರ ಯಜಮಾನರು ಕೂತು ನೀರು ಕುಡಿಯುತ್ತಿದ್ದಾಗ ಅಂಗಡಿಯಿಂದ ಮಗನ ಫೋನು ಬಂತು.

"ಎಲ್ಲಿದ್ದೀರಪ್ಪ?"

"ನಾನೂರಲ್ಲಿದ್ದೀನಿ ಕಣೋ. ನಂದಿಗೆ ಇನ್ನು ಮುನ್ನೂರು. ನೀನು ಸಕ್ಕರೆ ಮೂಟೆ ಇಳಿಸ್ಕೊ."

ಅಷ್ಟೇ ಮಾತು. ಅಪ್ಪ ಎಲ್ಲಿದ್ದಾರೆ ಅಂತ ಮಗನಿಗೆ ಗೊತ್ತಾಯಿತು. ಈ ಮಾತನ್ನು ಓದುಗರು ನೆನಪಿಡಬೇಕು.

ಅಂಕಿ ಇಲ್ಲದ ದಾರಿ

ದರ್ಶನವಾಯಿತು. ಯಜಮಾನರು ಉಪವಾಸ. ತಂಗಿಯನ್ನೂ ನೋಡಿಯೇ ಬಾಯಿಗೆ ಏನಾದರೂ ಹಾಕುವುದು ಎಂದು ಹಟ ಹಿಡಿದರು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ಬೆಳಿಗ್ಗೆಯೇ ನುಂಗಿದ್ದರು. ಇದು ನನಗೆ ಆಮೇಲೆ ತಿಳಿದದ್ದು.

ಉತ್ತನಹಳ್ಳಿ ಕಡೆಗೆ ಇಳಿಯುವ ರಸ್ತೆ ಚೆನ್ನಾಗಿದೆ. ಆದರೆ ಅದು ಗಾಡಿಗಳ ರಸ್ತೆ. ನಾವು ನಡೆದ ಕಡೆ ಕಾಲಿಗೆ ಬೇರೆ ದಾರಿ ಇರಲಿಲ್ಲ. ತಿರುವಿನಲ್ಲಿ ಹಾರ್ನ್ ಕೇಳಿದರೆ ಪೊದೆಗೆ ಅಂಟಿಕೊಂಡು ನಿಲ್ಲಬೇಕು. ಎರಡು ಮೂರು ತಿರುವು ಇಳಿದಿರಬಹುದು, ಯಜಮಾನರ ನಡಿಗೆ ತಪ್ಪಿತು. ಮೈಯೆಲ್ಲಾ ಬೆವರು, ಕೈ ನಡುಕ. ಕೇಳಿದ್ದಕ್ಕೆ ಉತ್ತರ ಇನ್ನೇನೋ. ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂರಿಸಿ ಸಹಾಯಕ್ಕೆ ಫೋನ್ ಮಾಡಿದೆ.

"ಎಲ್ಲಿದ್ದೀರಿ?"

"ಚಾಮುಂಡಿ ಬೆಟ್ಟದಲ್ಲಿ."

"ಬೆಟ್ಟದ ಮೇಲೆ ಎಲ್ಲಿದ್ದೀರಿ, ಸ್ವಾಮಿ? ಮೇಲೋ, ಕೆಳಗೋ, ಯಾವ ರಸ್ತೆ? ಹತ್ತಿರ ಏನಿದೆ?"

ಹತ್ತಿರ ಏನಿದೆ? ಮರ ಇದೆ, ಬಂಡೆ ಇದೆ, ಒಂದು ಕೋತಿ ಇದೆ. ಇಡೀ ಬೆಟ್ಟದಲ್ಲಿ ಇರುವುದೂ ಅದೇ. ಕೇಳಿದವರ ತಪ್ಪೇನಿಲ್ಲ, ಅವರು ಕೇಳಬೇಕಾದ್ದನ್ನೇ ಕೇಳಿದರು. ಉತ್ತರ ಹೇಳಲು ನನ್ನ ಕಣ್ಣಿಗೆ ಒಂದು ಕಲ್ಲು, ಒಂದು ಅಂಕಿ, ಒಂದು ಬೋರ್ಡು ಬೀಳಲಿಲ್ಲ. ಹದಿನೈದು ವರ್ಷದಿಂದ ಊರೂರಿನ ವಿಳಾಸ ಬರೆಯುವ ವರದಿಗಾರನಿಗೆ ತಾನು ನಿಂತ ಜಾಗದ ವಿಳಾಸ ಗೊತ್ತಿರಲಿಲ್ಲ.

ಪುಣ್ಯಕ್ಕೆ ಸ್ಕೂಟರಿನಲ್ಲಿ ಇಳಿಯುತ್ತಿದ್ದ ಗಂಡ ಹೆಂಡತಿ ನಿಂತರು. ಆ ತಾಯಿ ಮುಖ ನೋಡಿದವರೇ "ಇವರಿಗೆ ಶುಗರ್ ಇದೆಯಾ? ಏನಾದ್ರೂ ತಿಂದಿದ್ದಾರಾ?" ಅಂದರು. ಪ್ರಸಾದದ ಚೀಲದಿಂದ ಕಲ್ಲುಸಕ್ಕರೆ ತೆಗೆದು ಚೂರು ಚೂರಾಗಿ ಬಾಯಿಗೆ ಇಟ್ಟರು. ಆಮೇಲೆ ಬಾಳೆಹಣ್ಣು. ಕಾಲು ಗಂಟೆಯಲ್ಲಿ ಯಜಮಾನರು ನೆಟ್ಟಗೆ ಕೂತು "ಉಪವಾಸ ಕೆಟ್ಟೋಯ್ತಲ್ಲಪ್ಪ" ಅಂತ ಪೇಚಾಡಿದರು. ಅಕ್ಕನ ಪ್ರಸಾದ ತಿಂದರೆ ತಂಗಿ ಕೋಪಿಸಿಕೊಳ್ಳುವುದಿಲ್ಲ ಎಂದು ಸಮಾಧಾನ ಹೇಳಿದ್ದಾಯಿತು. ಸಕ್ಕರೆ ತೀರಾ ಇಳಿದಿತ್ತು, ಮಾತ್ರೆ ನುಂಗಿ ಉಪವಾಸ ಮಾಡುವುದು ಅಪಾಯ ಎಂದು ಮರುದಿನ ಡಾಕ್ಟರು ಗದರಿದರಂತೆ.

ಸ್ಕೂಟರು ಬಾರದೇ ಇದ್ದಿದ್ದರೆ? ಹತ್ತಿರ ಏನಿದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಹೊತ್ತು ಕಳೆಯುತ್ತಿತ್ತು.

ಒಂದು ಡಬ್ಬ ಬಣ್ಣ

ಹೊರದೇಶದ ಮಾತು ಹಾಗಿರಲಿ ಎನ್ನಬಹುದು. ಆದರೂ ಹೇಳುವುದಿದ್ದರೆ, ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ ಸಮುದ್ರದ ಅಂಚಿನ ಗುಡ್ಡ, ಬಂಡೆಗಳ ಮೇಲೆ ನಡೆದು ಹೋಗಲು ಸುಮಾರು 1,400 ಕಿಲೋಮೀಟರ್ ದಾರಿಯನ್ನು 2012ರಲ್ಲಿ ತೆರೆದರು. ದಾರಿಯುದ್ದಕ್ಕೂ ಕಂಬಗಳಿಗೆ ಗುರುತು ಹೊಡೆದಿದ್ದಾರೆ. ಪರಸ್ಥಳದವನೂ ಗುರುತು ನೋಡಿಕೊಂಡು ನಡೆಯುತ್ತಾನೆ. ನಮ್ಮಲ್ಲಿ ಬೇಕಿರುವುದು ಅಷ್ಟು ದೂರದ್ದಲ್ಲ, ಒಂದೇ ಬೆಟ್ಟದ ಒಂದೇ ಸುತ್ತು.

ಈ ಬೆಟ್ಟ ಹುಷಾರಾಗಿ ನೋಡಿಕೊಳ್ಳಬೇಕಾದ ಬೆಟ್ಟವೂ ಹೌದು. 2021ರ ಅಕ್ಟೋಬರ್ ಮಳೆಯಲ್ಲಿ ನಂದಿ ಕಡೆಯ ರಸ್ತೆಯ ಅಂಚು ಕುಸಿದದ್ದನ್ನು ಜನ ಮರೆತಿಲ್ಲ. 2022ರಲ್ಲಿ ರೋಪ್‌ವೇ ಮಾತು ಬಂದಾಗ ಬೆಟ್ಟ ಇದ್ದ ಹಾಗೇ ಇರಲಿ ಎಂದು ಮೈಸೂರಿನಲ್ಲಿ ಕೂಗು ಎದ್ದಿತು. ನಾವು ಕೇಳುತ್ತಿರುವುದಕ್ಕೆ ಬೆಟ್ಟ ಅಗೆಯಬೇಕಿಲ್ಲ, ಸಿಮೆಂಟು ಸುರಿಯಬೇಕಿಲ್ಲ. ಇಳಿಯುವ ರಸ್ತೆಯಲ್ಲಿ ನೂರು ಗಜಕ್ಕೊಂದು ಕಲ್ಲು, ಕಲ್ಲಿನ ಮೇಲೆ ಎದ್ದು ಕಾಣುವ ಅಂಕಿ. ಉತ್ತನಹಳ್ಳಿ ಎಷ್ಟು ದೂರ, ನೀರು ಎಲ್ಲಿ, ಸಹಾಯಕ್ಕೆ ಯಾವ ನಂಬರು ಎಂಬ ಮೂರು ಸಾಲು. ಸಾಧ್ಯವಾದರೆ ಗಾಡಿಗಳಿಂದ ಬೇರೆಯಾಗಿ ಒಂದು ಕಾಲುದಾರಿ.

ಬಸ್ಸಿಗೆ ಸ್ಟೇಜು ಇದೆ. ಮೆಟ್ಟಿಲಿಗೆ ಅಂಕಿ ಇದೆ. ಬೆಟ್ಟ ಇಳಿದು ನಡೆಯುವವನಿಗೆ ಮಾತ್ರ ಏನೂ ಇಲ್ಲ.

ಮೊನ್ನೆ ಅಂಗಡಿಯಲ್ಲಿ ಈ ವರದಿಯ ವಿಷಯ ಹೇಳಿದಾಗ ಯಜಮಾನರು ತಕ್ಕಡಿಯಿಂದ ಕಣ್ಣು ತೆಗೆಯದೆ ಹೇಳಿದರು: "ಒಂದು ಡಬ್ಬ ಬಣ್ಣ, ಒಂದು ಬ್ರಷ್ಷು. ಬಿಲ್ಲು ನನ್ನ ಅಂಗಡಿಗೆ ಕಳಿಸ್ಲಿ ಅಂತ ಬರಿ."

ಬರೆದಿದ್ದೇನೆ. ಸಂಬಂಧಪಟ್ಟವರು ಬಿಲ್ಲು ಕಳಿಸುವರೇ?